ಮೇಸ್ತ್ರಿಯ ಕೈ ತಿದ್ದಿದ ಮೂರು ವಾರ

ಹೋದ ವಾರ ತಾಯಲೂರಿನ ಕಡೆಯವರೊಬ್ಬರು ಮಗಳ ಮದುವೆಗೆ ಕರೆಯಲು ನಮ್ಮ ಮನೆಗೆ ಬಂದಿದ್ದರು. ಮಾತಿನ ನಡುವೆ, ನಮ್ಮೂರ ಕಲ್ಲುಕೆಲಸದ ಮೇಸ್ತ್ರಿ ತೀರಿಕೊಂಡ ಅಂದರು. ಯಾವ ಮೇಸ್ತ್ರಿ ಎಂದು ಕೇಳುವ ಮೊದಲೇ ನನಗೆ ಗೊತ್ತಾಗಿತ್ತು. ಅವನು ಕಟ್ಟಿದ ಬಾವಿಗಳ ಹೆಸರು ಹೇಳಿದರು, ಕೆರೆಯ ತೂಬು ಸರಿಮಾಡಿದ್ದನ್ನು ಹೇಳಿದರು, ಒಂದು ಕಲ್ಲು ಕೂರಿಸಿದರೆ ಎರಡನೇ ಸಲ ಅದನ್ನು ಮುಟ್ಟುತ್ತಿರಲಿಲ್ಲ ಅಂದರು. ಬಿಲಿಯರ್ಡ್ಸ್ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಅವರಿಗೆ ಗೊತ್ತೇ ಇರಲಿಲ್ಲ. ಆ ಊರಿನಲ್ಲಿ ಯಾರಿಗೂ ಗೊತ್ತಿರಲಾರದು.

ಅವರು ಹೋದಮೇಲಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಪೇಪರು ಹಿಡಿದರೆ ಅದೇ ಸಾಲನ್ನು ನಾಲ್ಕು ಸಲ ಓದುತ್ತೇನೆ. ಮನೆಯವಳು ಏನಾಯಿತು ಅಂದರೆ ಏನಿಲ್ಲ ಅನ್ನುತ್ತೇನೆ. ಬರೆದಾದರೂ ನೋಡೋಣ ಎಂದು ಕೂತಿದ್ದೇನೆ. ಅವನ ಹೆಸರು ಹಾಕುವುದಿಲ್ಲ. ನಾವಿಬ್ಬರೂ ಕೆಲಸ ಮಾಡಿದ ಕ್ಲಬ್ಬಿನಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆದವರಲ್ಲ. ಎಲ್ಲರ ಬಾಯಲ್ಲೂ ಅವನು ಮೇಸ್ತ್ರಿಯೇ.

ಮೊದಲು ನನ್ನ ಕಸುಬಿನ ವಿಷಯ ಹೇಳಬೇಕು. ಮೂವತ್ತರ ದಶಕದಲ್ಲಿ ನಾನು ಕೋಲಾರದ ಒಂದು ಕ್ಲಬ್ಬಿನಲ್ಲಿ ಮಾರ್ಕರ್ ಆಗಿದ್ದೆ. ಬಿಲಿಯರ್ಡ್ಸ್ ಮೇಜು ನೋಡಿಕೊಳ್ಳುವವನಿಗೆ ಮಾರ್ಕರ್ ಅನ್ನುತ್ತಿದ್ದರು. ಬೆಳಿಗ್ಗೆ ಎದ್ದು ಹಸಿರು ಬಟ್ಟೆಗೆ ಬ್ರಷ್ ಹಾಕಿ ಇಸ್ತ್ರಿ ಮಾಡಬೇಕು, ಆಟದ ಹೊತ್ತಿಗೆ ಬೋರ್ಡಿನ ಮುಂದೆ ನಿಂತು ಪಾಯಿಂಟು ಹಾಕಬೇಕು, ಜೊತೆಯಿಲ್ಲದ ಮೆಂಬರಿಗೆ ಜೊತೆಯಾಗಿ ಆಡಬೇಕು, ಹೊಸಬರಿಗೆ ಹೇಳಿಕೊಡಬೇಕು. ಮೆಂಬರುಗಳಿಗೆ ಅದು ಸಂಜೆಯ ಹವ್ಯಾಸ. ನಮಗೆ ಅದೇ ಅನ್ನ.

ನಾನು ಕಲಿತದ್ದು ಬೆಂಗಳೂರು ದಂಡಿನಲ್ಲಿ, ಒಬ್ಬ ಸಾಹೇಬರ ಕೈಕೆಳಗೆ, ಏಳು ವರ್ಷ. ನಾನು ಅವರನ್ನು ಉಸ್ತಾದ್ ಅಂತಲೇ ಕರೆಯುತ್ತಿದ್ದೆ. ಮೊದಲ ವರ್ಷವೆಲ್ಲ ಆಟದ ಗುಂಡು ಮುಟ್ಟಗೊಡಲಿಲ್ಲ. ಖಾಲಿ ಮೇಜಿನ ಮೇಲೆ ಕ್ಯೂ, ಅಂದರೆ ಗುಂಡು ಹೊಡೆಯುವ ಕೋಲು, ಹಿಂದೆ ಮುಂದೆ ಆಡಿಸುವುದು, ಅಷ್ಟೆ. ಕೋಲಾರಕ್ಕೆ ಬಂದಮೇಲೂ ದಿನಾ ಬೆಳಿಗ್ಗೆ ಎರಡು ಗಂಟೆ ನಾನೊಬ್ಬನೇ ಆಡುತ್ತಿದ್ದೆ. ಎರಡು ದಿನ ತಪ್ಪಿದರೆ ಮಣಿಕಟ್ಟು ಬಿಗಿಯುತ್ತಿತ್ತು. ಆದರೂ ಜಿಲ್ಲೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಮೆಂಬರುಗಳು ಹೇಳುತ್ತಿದ್ದರು. ಅದನ್ನು ನಾನೂ ನಂಬಿದ್ದೆ.

ಒಂದು ಮಳೆಗಾಲ ಮುಗಿದ ಮೇಲೆ ಮೇಜು ಕೆಟ್ಟಿತು. ಮೆಲ್ಲಗೆ ಹೊಡೆದ ಗುಂಡು ಕೊನೆಗೆ ಬರುವಾಗ ಎಡಕ್ಕೆ ವಾಲುತ್ತಿತ್ತು. ಬಟ್ಟೆಯ ಕೆಳಗೆ ದೊಡ್ಡ ಕಲ್ಲುಹಲಗೆಗಳಿರುತ್ತವೆ. ನೆಲ ಕುಸಿದು ಅವು ಅಲುಗಿದ್ದವು. ಬೆಂಗಳೂರಿನಿಂದ ಜನ ಬರಲು ತಿಂಗಳಾಗುತ್ತದೆ ಎಂದು ತಿಳಿದು, ನಮ್ಮ ಸೆಕ್ರೆಟರಿ ಪಕ್ಕದಲ್ಲೇ ಕಾಂಪೌಂಡು ಕಟ್ಟುತ್ತಿದ್ದ ಮೇಸ್ತ್ರಿಯನ್ನು ಕರೆಸಿದರು. ಸೆಕ್ರೆಟರಿ ವಕೀಲರು, ಅಚ್ಚುಕಟ್ಟಿನ ಮನುಷ್ಯ, ಕೋಟಿನ ಗುಂಡಿ ಬಿಚ್ಚಿದ್ದನ್ನು ನಾನು ಕಂಡಿಲ್ಲ.

ಮೇಸ್ತ್ರಿಗೆ ಆಗ ಇಪ್ಪತ್ತೈದು ಇಪ್ಪತ್ತಾರು, ಹೆಚ್ಚುಕಡಿಮೆ ನನ್ನ ವಯಸ್ಸೇ. ಕಪ್ಪಗೆ, ಉದ್ದಕ್ಕೆ, ತಲೆಗೊಂದು ಟವಲು. ಬಾಗಿಲಲ್ಲಿ ಕಾಲು ತೊಳೆದು ಒಳಗೆ ಬಂದ. ಮೇಜಿನ ಸುತ್ತ ಎರಡು ಸುತ್ತು ಹಾಕಿ, ಕುಕ್ಕರಗಾಲಲ್ಲಿ ಕೂತು, ಕಣ್ಣನ್ನು ಅಂಚಿನ ಮಟ್ಟಕ್ಕೆ ತಂದು ನೋಡಿದ. ಆ ಮೂಲೆ ಒಂದು ಅಕ್ಕಿಕಾಳಷ್ಟು ಇಳಿದೈತೆ ಅಂದ. ಸೆಕ್ರೆಟರಿ ನಂಬದೆ ರಸಮಟ್ಟ ಇಡಿಸಿದರು. ಗಾಜಿನೊಳಗಿನ ಗುಳ್ಳೆ ಅವನು ಹೇಳಿದ್ದಕ್ಕೇ ಸಾಕ್ಷಿ ಹೇಳಿತು.

ಎರಡು ದಿನದಲ್ಲಿ ಮೇಜು ಮಟ್ಟವಾಯಿತು. ಪರೀಕ್ಷೆಗೆಂದು ನಾನು ಗುಂಡು ಹೊಡೆಯುತ್ತಿದ್ದೆ, ಅವನು ನೋಡುತ್ತ ನಿಂತಿದ್ದ. ಮೂರು ಗುಂಡು ಯಾಕೆ ಎಂದು ಕೇಳಿದ. ಎರಡು ಬಿಳಿ, ಒಂದು ಕೆಂಪು. ನಿನ್ನ ಬಿಳಿ ಉಳಿದೆರಡನ್ನೂ ಮುಟ್ಟಿದರೆ ಪಾಯಿಂಟು, ಗುಂಡು ಮೇಜಿನ ಅಂಚಿನ ಚೀಲಕ್ಕೆ ಬಿದ್ದರೂ ಪಾಯಿಂಟು, ತಪ್ಪುವವರೆಗೆ ಆಟ ನಿನ್ನದೇ ಎಂದೆ. ಕಾಫಿ ಕುಡಿಯುವಷ್ಟರಲ್ಲಿ ಹೇಳಿ ಮುಗಿಸುವ ಪಾಠ. ತಮಾಷೆಗೆ ಕ್ಯೂ ಅವನ ಕೈಗೆ ಕೊಟ್ಟೆ.

ಅವನು ಅದನ್ನು ಹಾರೆ ಹಿಡಿದಂತೆ ಹಿಡಿದ. ಎಡಗೈಯನ್ನು ಬಟ್ಟೆಯ ಮೇಲೆ ಚಪ್ಪಟೆ ಊರಿದ. ಬಗ್ಗಲೇ ಇಲ್ಲ, ಮೊಣಕೈ ಪಕ್ಕಕ್ಕೆ ರೆಕ್ಕೆಯ ಹಾಗೆ ಚಾಚಿತ್ತು. ನಾನು ನಗು ತಡೆದುಕೊಂಡಿದ್ದೆ. ಹೊಡೆದ. ಮತ್ತೆ ಹೊಡೆದ. ಮೂವತ್ತು ಪಾಯಿಂಟು ದಾಟಿದಾಗ ಪಕ್ಕದ ಕೋಣೆಯಲ್ಲಿ ಇಸ್ಪೀಟು ಆಡುತ್ತಿದ್ದ ಮೆಂಬರುಗಳು ಎದ್ದು ಬಂದಿದ್ದರು. ಒಂದೇ ಉಸಿರಿಗೆ ಮೂವತ್ತು ಮಾಡಲು ನನಗೆ ಎರಡೂವರೆ ವರ್ಷ ಹಿಡಿದಿತ್ತು. ಮೆಂಬರುಗಳು ನಗುತ್ತಿದ್ದರು. ಸೆಕ್ರೆಟರಿ ಮಾತ್ರ ನಗಲಿಲ್ಲ. ನಾನೂ ನಗಲಿಲ್ಲ.

ಮುಂದಿನ ತಿಂಗಳಿಂದ ಅವನು ಎರಡನೇ ಮಾರ್ಕರ್ ಆದ.

ಅವನ ಜೊತೆ ಕೆಲಸ ಮಾಡುವುದು ಸುಲಭವಿರಲಿಲ್ಲ. ಜಗಳಗಂಟನಲ್ಲ, ಸೋಮಾರಿಯಲ್ಲ, ಸುಳ್ಳು ಹೇಳುವವನಲ್ಲ. ಆದರೆ ಕೂರುವವನಲ್ಲ. ಮಾರ್ಕರಿಗೆ ಒಂದು ಎತ್ತರದ ಸ್ಟೂಲ್ ಇರುತ್ತದೆ. ಅದರ ಮೇಲೆ ಅವನು ಐದು ನಿಮಿಷ ಇದ್ದದ್ದಿಲ್ಲ. ಮೇಜಿನ ಸುತ್ತ ನಡೆಯುತ್ತಲೇ ಇರುವನು, ನಡೆಯುತ್ತಲೇ ಹೊಡೆಯುವನು, ಹೊಡೆಯುತ್ತಲೇ ನನ್ನ ಜೊತೆ ಮಾತಾಡುವನು. ಗುಂಡು ಚೀಲಕ್ಕೆ ಬೀಳುವುದನ್ನು ನೋಡಲಿಕ್ಕೂ ನಿಲ್ಲುತ್ತಿರಲಿಲ್ಲ, ಅಷ್ಟರಲ್ಲಿ ಮುಂದಿನ ಹೊಡೆತದ ಜಾಗಕ್ಕೆ ಹೋಗಿರುತ್ತಿದ್ದ. ಅದು ಹೇಗೆ ಹೊಡೀತೀಯ ಎಂದು ಒಮ್ಮೆ ಕೇಳಿದೆ.

"ಗುಂಡಿಗೆ ಎಲ್ಲಿ ಹೋಗ್ಬೇಕು ಅಂತ ಗೊತ್ತೈತೆ ಅಣ್ಣಾ," ಅಂದ. "ನಾವು ಅಡ್ಡ ನಿಂತ್ಕೊಬಾರ್ದು. ಅಂತೇ."

ಮನೆಯಲ್ಲಿ ಅವನು ತೆಲುಗು ಆಡುತ್ತಿದ್ದ. ಕನ್ನಡದ ಮಾತು ಮುಗಿಸುವಾಗ, ಅಷ್ಟೇ ಅನ್ನುವುದಕ್ಕೆ, ಒಂದು 'ಅಂತೇ' ಬಂದೇ ಬರುತ್ತಿತ್ತು, ಮಾತಿಗೆ ಗಾರೆ ಬಳಿದಂತೆ.

ಇನ್ನೊಂದು ವಿಚಿತ್ರವಿತ್ತು. ಅರವತ್ತು ಎಪ್ಪತ್ತು ಪಾಯಿಂಟು ಆಗುವ ಹೊತ್ತಿಗೆ ಅವನಿಗೆ ಬೇಸರ ಬರುತ್ತಿತ್ತು. ಗುಂಡುಗಳು ಚೆನ್ನಾಗಿ ಕೂತಿವೆ, ನೂರು ಸಲೀಸು. ಅಂಥ ಹೊತ್ತಿನಲ್ಲಿ ತನ್ನ ತೆಲುಗಿನಲ್ಲಿ 'ಚಾಲು', ಸಾಕು, ಅಂದು ಕ್ಯೂ ಇಟ್ಟುಬಿಡುವನು. ಹೊರಗೆ ಹೋಗಿ ಬೇವಿನ ಮರದ ಕೆಳಗೆ ಓಡಾಡುವನು. ನಾನು ಒಂದು ನೂರಕ್ಕಾಗಿ ವರ್ಷವೆಲ್ಲ ಕಾಯುತ್ತಿದ್ದವನು, ಆ ಮೇಜಿನ ಮೇಲೆ ಅವನು ಬಿಟ್ಟುಹೋದ ಗುಂಡುಗಳನ್ನು ನೋಡುತ್ತ ನಿಂತಿರುತ್ತಿದ್ದೆ. ಅದೇ ಮನುಷ್ಯ ಕಲ್ಲಿನ ಮುಂದೆ ಹಾಗಿರಲಿಲ್ಲ. ಕ್ಲಬ್ಬಿನ ಮೆಟ್ಟಿಲು ಬಿರಿದಾಗ ಒಂದು ಮಧ್ಯಾಹ್ನವಿಡೀ ಒಂದೇ ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡುತ್ತ ಕೂತಿದ್ದ.

ಹೇಳದೆ ಹೋಗಿಬಿಡುವುದೂ ಇತ್ತು. ಮಾಲೂರಿನಲ್ಲಿ ಯಾರದೋ ಬಾವಿ, ಶ್ರೀನಿವಾಸಪುರದಲ್ಲಿ ಯಾರದೋ ಮನೆಯ ತಳಪಾಯ. ಹತ್ತು ಹನ್ನೆರಡು ದಿನ ಪತ್ತೆ ಇರುತ್ತಿರಲಿಲ್ಲ. ಸೆಕ್ರೆಟರಿ ಕೂಗಾಡುತ್ತಿದ್ದರು. ಅವನು ಬೆರಳಿನಲ್ಲಿ ಸುಣ್ಣದ ಬಿರುಕುಗಳ ಸಮೇತ ಬಂದು, ಕ್ಯೂ ತೆಗೆದುಕೊಂಡು, ನಿನ್ನೆ ಸಂಜೆ ಇಟ್ಟುಹೋದವನ ಹಾಗೆ ಆಡುತ್ತಿದ್ದ. ಸೆಕ್ರೆಟರಿಯ ಕೋಪ ಅಲ್ಲೇ ಇಳಿಯುತ್ತಿತ್ತು. ನನ್ನದು ಏರುತ್ತಿತ್ತು.

ಸೋಲುವುದೂ ಮಾರ್ಕರನ ವಿದ್ಯೆಯೇ. ಆಗ ಮೆಂಬರುಗಳಲ್ಲಿ ಒಬ್ಬರು ಅಧಿಕಾರಿಗಳಿದ್ದರು. ಗೆದ್ದ ಸಂಜೆ ಎಲ್ಲರಿಗೂ ಕಾಫಿ ತರಿಸುವರು, ಸೋತರೆ ಮೂರು ದಿನ ಮುಖ ಊದಿಸಿಕೊಳ್ಳುವರು. ಅವರಿಗೆ ಅನುಮಾನ ಬರದ ಹಾಗೆ ನಾಲ್ಕೈದು ಪಾಯಿಂಟಿನಲ್ಲಿ ಸೋಲುವುದರಲ್ಲಿ ನಾನು ಪಳಗಿದ್ದೆ. ಒಂದು ದಿನ ನನಗೆ ಜ್ವರ, ಮೇಸ್ತ್ರಿ ಆಡಬೇಕಾಯಿತು. ಸೋಲು ಅಂತ ನಾನೇ ಹೇಳಿ ಕಳಿಸಿದ್ದೆ. ಅವನು ಪ್ರಯತ್ನ ಮಾಡಿದನಂತೆ. ಒಂದು ಗುಂಡನ್ನು ಬೇಕೆಂದೇ ಬೇರೆ ಕಡೆಗೆ ಹೊಡೆದರೆ ಅದು ಎರಡು ಅಂಚು ಮುಟ್ಟಿ ಬಂದು ಚೀಲಕ್ಕೆ ಬಿತ್ತಂತೆ. ಅಧಿಕಾರಿಗಳು ಇದನ್ನು ಅವಮಾನವೆಂದು ತಿಳಿದು ಎದ್ದುಹೋದರು. ಮರುದಿನ ಅವನು ನನ್ನೆದುರು ನಿಜಕ್ಕೂ ಪೆಚ್ಚಾಗಿ ನಿಂತಿದ್ದ. ಸೋಲೋದು ನನಗೆ ಬರೋದಿಲ್ಲ ಅಣ್ಣಾ, ನೀನೇ ಹೇಳಿಕೊಡು ಅಂದ. ಆ ಮಾತಿಗೆ ನಾನು ನಗಬೇಕಿತ್ತು. ಬ್ರಷ್ ತೆಗೆದುಕೊಂಡು ಮೇಜಿನ ಬಟ್ಟೆ ಒರೆಸಲು ಹೋದೆ.

ಮನೆಯಲ್ಲಿ ನನಗೆ ಸಮಾಧಾನವಿರಲಿಲ್ಲ. ಊಟದ ಮಣೆಯ ಮೇಲೆ ಕೂತಿದ್ದಾಗಲೂ ಬಲಗೈ ಮುಂದೆ ಹಿಂದೆ ಆಡುತ್ತಿತ್ತು. ಹೆಂಡತಿ ಒಂದು ದಿನ ನೇರವಾಗಿ ಕೇಳಿದಳು: "ಅವನು ನಿಮಗೆ ಏನು ಮಾಡ್ದ?"

"ಏನೂ ಮಾಡಿಲ್ಲ," ಎಂದೆ. ಅದು ನಿಜವೇ. ಅವನು ಏನಾದರೂ ಮಾಡಿದ್ದರೆ ಚೆನ್ನಾಗಿತ್ತು.

ಹೀಗಿರುವಾಗ ಮದರಾಸಿನಿಂದ ಒಬ್ಬರು ಆಟಗಾರರು ಬರುತ್ತಾರೆಂದು ಸುದ್ದಿಯಾಯಿತು. ಊರೂರಿನ ಕ್ಲಬ್ಬುಗಳಲ್ಲಿ ಆಡಿ ತೋರಿಸುವುದೇ ಅವರ ಕಸುಬು. ಕೋಲಾರದಲ್ಲಿ ಒಂದು ಸಂಜೆ ಆಡುವುದೆಂದು ಗೊತ್ತಾಯಿತು. ನಮ್ಮ ಕಡೆಯಿಂದ ಒಬ್ಬರು ಎದುರು ನಿಲ್ಲಬೇಕು. ಅದು ನಾನೇ ಎಂದುಕೊಂಡಿದ್ದೆ. ಹೆಂಡತಿಗೆ ಹೇಳಿಯೂ ಬಿಟ್ಟಿದ್ದೆ. ಮೂರು ವಾರ ಮುಂಚೆ ಸೆಕ್ರೆಟರಿ ನನ್ನನ್ನು ಕರೆದು, ಮೇಸ್ತ್ರಿ ಆಡಲಿ ಅಂದರು. ನಾನು ತಲೆಯಾಡಿಸಿದೆ. ಅವರು ಅಲ್ಲಿಗೇ ನಿಲ್ಲಿಸಿದ್ದರೆ ಈ ಬರಹ ಬೇಕಾಗುತ್ತಿರಲಿಲ್ಲ.

"ಆದರೆ ಹೀಗೆ ಗುಂಡಿ ತೋಡೋನ ಹಾಗೆ ನಿಂತ್ಕೊಂಡು ಆಡಿದ್ರೆ ದೊಡ್ಡವರ ಮುಂದೆ ಚೆನ್ನಾಗಿರಲ್ಲ," ಅಂದರು. "ಅವನ ನಿಲುವು ತಿದ್ದಿ. ಅದು ನಿಮ್ಮ ಹೊಣೆ."

ನನ್ನ ಉಸ್ತಾದ್ ದಂಡಿನಲ್ಲಿ ಒಂದು ಸಲ ಒಬ್ಬ ಸಿಪಾಯಿಯ ಆಟ ತೋರಿಸಿ ಹೇಳಿದ್ದರು: ಹುಟ್ಟಿನಿಂದಲೇ ಬಂದ ಕೈಯನ್ನು ಮುಟ್ಟಬೇಡ, ಪಾಠ ನಮ್ಮಂಥವರಿಗೆ. ಸೆಕ್ರೆಟರಿಯ ಮುಂದೆ ನಿಂತಿದ್ದಾಗ ಆ ಮಾತು ನನಗೆ ನೆನಪಿಗೆ ಬಂತು. ಬರಲಿಲ್ಲವೆಂದು ಹೇಳಿಕೊಳ್ಳಬಹುದು, ಎಷ್ಟೋ ವರ್ಷ ಹಾಗೇ ಹೇಳಿಕೊಂಡೆ. ಬಂತು. ಸ್ಪಷ್ಟವಾಗಿ, ಅವರ ಉರ್ದು ಮಾತಿನಲ್ಲೇ ಬಂತು. ಒಂದು ಮಾತು ಹೇಳಿದ್ದರೆ ಸೆಕ್ರೆಟರಿ ಕೇಳುತ್ತಿದ್ದರು. ನಾನು "ಆಗಲಿ ಸ್ವಾಮಿ" ಅಂದೆ.

ಮರುದಿನ ಬೆಳಿಗ್ಗೆ ಪಾಠ ಶುರುವಾಯಿತು. ಎಡಗೈಯ ಬೆರಳು ಹೀಗೆ ಕಮಾನು ಕಟ್ಟಬೇಕು. ಮೊಣಕೈ ಒಳಗೆ. ಗದ್ದ ಕ್ಯೂವಿಗೆ ತಾಗಬೇಕು. ಎಡಗಾಲು ಮುಂದೆ. ನಡೆಯಬಾರದು, ನಿಂತು ಉಸಿರು ಬಿಗಿಹಿಡಿದು ಹೊಡೆಯಬೇಕು. ಅವನು ವಾದ ಮಾಡುತ್ತಾನೆಂದುಕೊಂಡಿದ್ದೆ. ವಾದ ಮಾಡಲಿಲ್ಲ. ನಾನು ಹೇಳಿದ್ದನ್ನೆಲ್ಲ ತಲೆಬಾಗಿ ಮಾಡಿದ. ನಾನು ಹಿಂದೆ ನಿಂತು ಅವನ ಮೊಣಕೈ ಹಿಡಿದು ಒಳಕ್ಕೆ ತಳ್ಳುತ್ತಿದ್ದೆ. ಕಲ್ಲು ಎತ್ತಿ ಎತ್ತಿ ಗಟ್ಟಿಯಾದ ತೋಳು, ಆದರೂ ನನ್ನ ಕೈಗೆ ಮಗುವಿನದರಂತೆ ಬಗ್ಗುತ್ತಿತ್ತು.

ಮೊದಲ ವಾರ ಕಣ್ಣುಮುಚ್ಚಿ ಹೊಡೆಯಬಹುದಾದ ಗುಂಡು ತಪ್ಪಿಸಿ ನಗುತ್ತಿದ್ದ. ಎರಡನೇ ವಾರ ನಗು ನಿಂತಿತು. ಪ್ರತಿ ಹೊಡೆತಕ್ಕೂ ನನ್ನ ಕಡೆ ತಿರುಗಿ, ಅಣ್ಣಾ ಈಗ ಸರಿ ಐತಾ ಎಂದು ಕೇಳತೊಡಗಿದ. ನನಗಿಂತ ಮುಂಚೆ ಬಂದು ಬಾಗಿಲು ತೆಗೆಯುವುದನ್ನು ಕಾಯುತ್ತ ನಿಂತಿರುತ್ತಿದ್ದ. ಮೂರನೇ ವಾರ ಒಂದು ಬೆಳಿಗ್ಗೆ ನಾನು ಒಳಗೆ ಹೋದಾಗ ಅವನು ಸ್ಟೂಲಿನ ಮೇಲೆ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಅಲುಗಾಡದೆ ಕೂತಿದ್ದ. ಮೇಜಿನ ಹತ್ತಿರ ಅವನು ಹಾಗೆ ಕೂತದ್ದನ್ನು ಅದೇ ಮೊದಲು ಕಂಡೆ. ನನಗೆ ಆಗ ಆದದ್ದು ಏನು ಎಂದು ಪ್ರಾಮಾಣಿಕವಾಗಿ ಬರೆಯಬೇಕಾದರೆ, ನೆಮ್ಮದಿ. ಇವನೂ ಈಗ ನನ್ನ ಹಾಗೇ ಆದ ಅನ್ನುವ ನೆಮ್ಮದಿ. ಎಷ್ಟೋ ತಿಂಗಳ ಮೇಲೆ ಆ ದಿನ ನಾನು ಹಸಿದು ಊಟ ಮಾಡಿದೆ.

ಆಟದ ಸಂಜೆ ಹಾಲ್ ತುಂಬಿತ್ತು. ಮುಳಬಾಗಿಲಿನಿಂದಲೂ ಕಾರು ಮಾಡಿಕೊಂಡು ಬಂದಿದ್ದರು. ಮೇಸ್ತ್ರಿಗೆ ಬಿಳಿ ಅಂಗಿ, ಕರಿ ಬೂಟು ಕೊಡಿಸಿದ್ದರು. ಬೂಟು ಹಾಕಿಕೊಂಡು ಅವನು ನಡೆದದ್ದು ನೀರಿನಲ್ಲಿ ಕಾಲಿಟ್ಟವನ ಹಾಗೆ. ಮದರಾಸಿನವರು ಕುಳ್ಳಗಿನ, ಕನ್ನಡಕ ಹಾಕಿದ, ಮೃದು ಮಾತಿನ ಮನುಷ್ಯ. ಬೋರ್ಡಿನ ಮುಂದೆ ಪಾಯಿಂಟು ಹಾಕಲು ನಾನು.

ಮೇಸ್ತ್ರಿ ಬಗ್ಗಿ ಕ್ಯೂ ಇಟ್ಟ. ಅಲ್ಲಿ ನಿಂತಿದ್ದವನು ನಾನು. ನನ್ನದೇ ಗೂನು, ನನ್ನದೇ ಗದ್ದ, ಉಸಿರು ಹಿಡಿದಾಗ ನಾನು ಬಿಗಿಯುವ ಅದೇ ಭುಜ. ಏಳು ವರ್ಷ ಕಷ್ಟಪಟ್ಟು ಕಲಿತ ನನ್ನ ಮಧ್ಯಮ ಆಟವನ್ನು ನಾನು ಮೂರು ವಾರದಲ್ಲಿ ಅವನ ಮೈಮೇಲೆ ಹೊಲಿದಿದ್ದೆ. ಹತ್ತು, ಏಳು, ಹನ್ನೆರಡು. ಅಷ್ಟಕ್ಕೇ ಅವನ ಸರದಿ ಮುಗಿಯುತ್ತಿತ್ತು. ಆ ಕಡೆ ಮದರಾಸಿನವರು ಸದ್ದಿಲ್ಲದೆ ನೂರು ದಾಟುತ್ತಿದ್ದರು.

ಆಟದ ನಡುವೆ ಒಂದು ಗುಂಡು ಅವನಿಗೆ ಸಿಕ್ಕಿತು. ಮಧ್ಯದ ಚೀಲದ ಬಾಯಲ್ಲೇ ಕೂತ ಕೆಂಪು ಗುಂಡು, ಮೊದಲ ದಿನ ಬಂದ ಹೊಸಬನೂ ಹಾಕಬಹುದಾದದ್ದು. ಅವನು ಬಗ್ಗಿದ. ತಲೆಯೆತ್ತಿ ನನ್ನ ಕಡೆ ನೋಡಿದ, ಬೆಳಿಗ್ಗೆ ನೋಡುವ ಹಾಗೆಯೇ, ಸರಿ ಐತಾ ಎಂದು. ಹಾಲ್‌ನಲ್ಲಿ ಎಲ್ಲರೂ ಅವನ ಜೊತೆ ನನ್ನ ಕಡೆ ತಿರುಗಿದರು. ನಾನು ಕೈಯನ್ನು ಒಂದಿಷ್ಟು ಬೀಸಿ, ಬಿಡು, ನಿನ್ನ ಹಾಗೇ ಹೊಡಿ ಎಂದು ಸನ್ನೆ ಮಾಡಬಹುದಿತ್ತು. ಒಂದು ಕ್ಷಣ ಸಾಕಾಗಿತ್ತು. ನಾನು ಬೋರ್ಡಿನ ಕಡೆ ಮುಖ ತಿರುಗಿಸಿ ಪಾಯಿಂಟು ತೋರಿಸುವ ಮುಳ್ಳನ್ನು ಸರಿಮಾಡುವವನಂತೆ ನಿಂತೆ. ಹಿಂದೆ ಗುಂಡು ತಾಗಿದ ಸದ್ದು ಕೇಳಿಸಿತು, ಆಮೇಲೆ ಜನ ಉಸಿರು ಬಿಟ್ಟದ್ದು. ತಪ್ಪಿತ್ತು.

ಆಟ ಮುಗಿದಮೇಲೆ ಮದರಾಸಿನವರು ಕೈ ಒರೆಸಿಕೊಳ್ಳುತ್ತ ನನ್ನ ಬಳಿ ಬಂದು, ಇವನಿಗೆ ಕಲಿಸಿದ್ದು ಯಾರು ಎಂದು ವಿಚಾರಿಸಿದರು. ನಾನೇ ಎಂದೆ. ಅವರು, ಆ ಕೈಯಲ್ಲಿ ಏನೋ ಇದೆ, ಆದರೆ ಯಾರೋ ಅದಕ್ಕೆ ಬೀಗ ಹಾಕಿದ್ದಾರೆ ಅಂದು, ನಮಸ್ಕಾರ ಮಾಡಿ ಹೋದರು.

ಮರುದಿನ ಮೇಸ್ತ್ರಿ ಬರಿಗಾಲಲ್ಲಿ ಬಂದ. ಬೂಟುಗಳನ್ನು ಒರೆಸಿ ಜೋಡಿಸಿ ಸೆಕ್ರೆಟರಿಯ ಕೋಣೆಯ ಮುಂದಿಟ್ಟ. ಹೋಳೂರಿನ ಹತ್ತಿರ ಕೆರೆಯ ತೂಬಿನ ಕೆಲಸ ಬಂದೈತೆ, ಹೋಗ್ತೀನಿ ಅಂದ. ಸೆಕ್ರೆಟರಿ ತಡೆಯಲಿಲ್ಲ. ನನ್ನ ಹತ್ತಿರ ಬಂದು, ಬರ್ತೀನಿ ಅಣ್ಣಾ ಅಂದ. ಮುಖದಲ್ಲಿ ಸಿಟ್ಟಿರಲಿಲ್ಲ. ನಾನು ಆಗಲಿ ಎಂದೆ. ಮತ್ತೆ ನಾನು ಕ್ಲಬ್ಬಿನ ಮೊದಲ ಆಟಗಾರನಾದೆ. ಬೆಳಗಿನ ಎರಡು ಗಂಟೆಯ ಅಭ್ಯಾಸಕ್ಕೆ ಕ್ಯೂ ಹಿಡಿದರೆ, ಮೊಣಕೈ ಒಳಗೆ ತರುವಾಗೆಲ್ಲ ಅವನ ತೋಳಿನ ಬಿಸಿ ನನ್ನ ಅಂಗೈಗೆ ಬಂದಂತಾಗುತ್ತಿತ್ತು. ಆಟ ಹಾಗೇ ಇತ್ತು. ಹಿಂದೆ ಸಿಗುತ್ತಿದ್ದ ಸುಖ ಮಾತ್ರ ಇರಲಿಲ್ಲ.

ಯುದ್ಧ ಬಂತು. ಅಧಿಕಾರಿಗಳು ವರ್ಗವಾಗಿ ಹೋದರು, ಮೇಜಿಗೆ ಹೊಸ ಬಟ್ಟೆ ಸಿಗದೆ ಹಳೆಯದಕ್ಕೇ ತೇಪೆ ಹಾಕಿದೆವು. ಆ ವರ್ಷಗಳಲ್ಲೊಮ್ಮೆ ಕುರುಡುಮಲೆಯ ಗಣಪನಿಗೆ ಹೆಂಡತಿಯದೊಂದು ಹರಕೆಯಿತ್ತು. ಪೆಟ್ರೋಲು ಸಿಗದ ಆ ಕಾಲದ ಇದ್ದಿಲ ಗ್ಯಾಸಿನ ಬಸ್ಸಿನಲ್ಲಿ ಮುಳಬಾಗಿಲಿಗೆ ಹೋಗಿ, ಅಲ್ಲಿಂದ ಗಾಡಿ ಮಾಡಿಕೊಂಡೆವು. ಪೂಜೆ ಮುಗಿಸಿ ಬರುವಾಗ ರಸ್ತೆಯ ಪಕ್ಕದ ಹೊಲದಲ್ಲಿ ಬಾವಿಗೆ ಕಲ್ಲು ಕಟ್ಟುತ್ತಿದ್ದರು. ದಡದಲ್ಲಿ ನಿಂತು ಒಳಗಿನವರಿಗೆ ಹೇಳುತ್ತಿದ್ದವನ ಬೆನ್ನು ನೋಡಿಯೇ ಗುರುತು ಹಿಡಿದೆ. ಹೆಂಡತಿಯನ್ನು ಗಾಡಿಯಲ್ಲೇ ಕೂರಿಸಿ ಇಳಿದು ಹೋದೆ.

ಅವನಿಗೆ ತುಂಬ ಸಂತೋಷವಾಯಿತು. ಟವಲು ಹಾಸಿ ಹುಣಸೆಮರದ ನೆರಳಲ್ಲಿ ಕೂರಿಸಿದ, ತಾನು ಕೂರದೆ ಓಡಾಡುತ್ತಲೇ ಇದ್ದ. ಮಕ್ಕಳೆಷ್ಟು, ಸೆಕ್ರೆಟರಿಯವರು ಹೇಗಿದ್ದಾರೆ, ಮೇಜಿನ ಆ ಮೂಲೆ ಮತ್ತೆ ಇಳಿಯಿತಾ ಎಂದೆಲ್ಲ ಕೇಳಿದ. ನಾನು ನಡುವೆಯೇ ಬಾಯಿ ಹಾಕಿದೆ. ಹೇಳಿಬಿಟ್ಟೆ. ಉಸ್ತಾದರ ಮಾತು, ನಾನು ಸುಮ್ಮನಿದ್ದದ್ದು, ಆ ಕೆಂಪು ಗುಂಡಿನ ಹೊತ್ತಿನಲ್ಲಿ ಮುಖ ತಿರುಗಿಸಿದ್ದು, ಎಲ್ಲ. ನಿನ್ನ ಆಟ ಕೆಡಲಿ ಅಂತಲೇ ಕಲಿಸಿದೆ ಎಂದು ಬಾಯಿಬಿಟ್ಟು ಹೇಳಿದೆ.

ಅವನು ಓಡಾಡುವುದನ್ನು ನಿಲ್ಲಿಸಿದ.

"ಗೊತ್ತಿತ್ತಣ್ಣಾ," ಅಂದ. "ಎರಡನೇ ವಾರಕ್ಕೇ ಗೊತ್ತಾಯ್ತು, ಕೈ ಹೋಗ್ತಾ ಐತೆ ಅಂತ."

"ಮತ್ತೆ ಯಾಕೆ ಬಿಡಲಿಲ್ಲ? ನಿನ್ನ ಹಾಗೇ ಆಡಬಹುದಿತ್ತಲ್ಲ."

ಅವನು ಹೇಗೆ ಹೇಳುವುದೆಂದು ಯೋಚಿಸುವವನ ಹಾಗೆ ತಲೆಯ ಮೇಲೆ ಕೈ ಆಡಿಸಿದ.

"ನನಗೆ ಯಾರೂ ಏನೂ ಹೇಳಿಕೊಟ್ಟೋರಿಲ್ಲ. ಕಲ್ಲೂ ಅಷ್ಟೆ, ಉಳಿ ಹಿಡಿದೆ, ಬಂತು. ನಮ್ಮ ಹಿರೀಕರು ಇವನಿಗೆ ಬೇಕಾಗಿಲ್ಲ ಬಿಡು ಅಂತ ಬಿಟ್ಟುಬಿಟ್ರು. ನೀನೊಬ್ಬ ದಿನಾ ಬೆಳಿಗ್ಗೆ ಬಂದು, ಕೈ ಹಿಡಿದು, ಹೀಗಲ್ಲ ಹೀಗೆ ಅಂತ ಹೇಳ್ತಿದ್ದೆ. ಕಲಿಯೋದು ಅಂದ್ರೆ ಹೆಂಗಿರ್ತದೆ ಅಂತ ನೋಡೋಣ ಅನ್ನಿಸ್ತು."

ಬಾವಿಯೊಳಗಿಂದ ಯಾರೋ ತೆಲುಗಿನಲ್ಲಿ ಏನೋ ಕೇಳಿದರು. ಅವನು ಬಗ್ಗಿ, ಆ ಕಲ್ಲು ಬೇಡ, ಪಕ್ಕದ್ದು ಇಡು ಎಂದು ಹೇಳಿ ಮತ್ತೆ ನನ್ನ ಕಡೆ ತಿರುಗಿದ.

"ಬಲು ಕಷ್ಟ ಅಣ್ಣಾ ಅದು. ಮೂರು ವಾರಕ್ಕೇ ನನಗೆ ಸಾಕಾಗೋಯ್ತು. ನೀನು ಅಷ್ಟು ವರ್ಷ ಹೆಂಗೆ ಮಾಡ್ದೆ?"

ಅವನ ಮುಖವನ್ನು ದಿಟ್ಟಿಸಿದೆ. ವ್ಯಂಗ್ಯವಿರಲಿಲ್ಲ. ನನ್ನನ್ನು ಅವನು ನೋಡುತ್ತಿದ್ದದ್ದು, ಅವನು ಆಡುವಾಗ ನಾವೆಲ್ಲ ಅವನನ್ನು ನೋಡುತ್ತಿದ್ದ ಹಾಗೆ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದ. ಉತ್ತರಕ್ಕೆ ಕಾಯುತ್ತ ನಿಂತಿದ್ದ. ಗಾಡಿಯವನು ಹೊತ್ತಾಯಿತೆಂದು ಕೂಗಿದ. ಎದ್ದು, ಟವಲು ಕೊಡವಿ ಅವನ ಕೈಗೆ ಕೊಟ್ಟು, ಹೊಲದ ಬದುವಿನ ಮೇಲೆ ನಡೆದು ಬಂದುಬಿಟ್ಟೆ.